ಕರೆದು ನೋಡಿ ಮುಚ್ಚುವ ಬೋರಕ್ಕ

ಹಾಲಿನವನ ಬೈಕು ಇನ್ನೂ ಬಂದಿಲ್ಲ. ಚಳ್ಳಕೆರೆಯ ಹಳೆಯ ಬೀದಿಯ ಮನೆಯೊಂದರ ನಡುಮನೆಯಲ್ಲಿ ಬೋರಕ್ಕ ಒನಕೆ ಹಿಡಿದು ನಿಂತಿದ್ದಾರೆ. ಹೊಳೆಯುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ ಮೆಲ್ಲಗೆ ಕುಟ್ಟುತ್ತಾರೆ, ಕಿವಿಗೊಡುತ್ತಾರೆ, ಸರಿದು ಮತ್ತೆ ಕುಟ್ಟುತ್ತಾರೆ. "ಮಿಕ್ಸಿ ಶುರುವಾದ್ರೆ ನೆಲದ ಮಾತು ಕೇಳಂಗಿಲ್ರಿ. ಫ್ಯಾನ್ ಆರ್ಸಿ. ನೀವೂ ಸುಮ್ಕಿರಿ," ಎನ್ನುತ್ತಾರೆ. ಸಂದರ್ಶನಕ್ಕೆಂದು ಬಂದವನಿಗೆ ಮೊದಲ ಅಪ್ಪಣೆಯೇ ಬಾಯಿ ಮುಚ್ಚು ಎಂದು. ಮುಚ್ಚಿಕೊಳ್ಳುತ್ತೇನೆ.

ಮನೆಯ ಯಜಮಾನ ವೀರೇಶ್ ಆಳುದ್ದದ ಅಕ್ವೇರಿಯಂ ಮಾಡಿಸಿದ್ದಾರೆ. ಮಂಡಿನೋವಿನಿಂದ ಮಂಚ ಹಿಡಿದ ತಾಯಿ ನಾಗರತ್ನಮ್ಮ ದಿನವಿಡೀ ಗೋಡೆ ನೋಡುವ ಬದಲು ಮೀನು ನೋಡಲಿ ಎಂಬುದು ಮಗನ ಆಸೆ. ನೀರು, ಗಾಜು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಸೇರಿದರೆ ಒಂದು ಜೋಡಿ ಎತ್ತಿನ ಭಾರ. "ನೆಲ ತಡೀತೈತಾ ಬೋರಕ್ಕ?" ಎಂದು ಕೇಳಲಿಕ್ಕೇ ಅವರನ್ನು ನನ್ನಿವಾಳ ಹಳ್ಳಿಯಿಂದ ಕರೆಸಿದ್ದಾರೆ. ನೆಲದಡಿಯ ಟೊಳ್ಳು ಹುಡುಕಿ ಮಣ್ಣು ತುಂಬಿಸುವುದು ಬೋರಕ್ಕನ ಕಸುಬು.

ಈ ಸೀಮೆಯಲ್ಲಿ ಅದು ಕೇಳಲೇಬೇಕಾದ ಮಾತು. ಹಳೆಯ ಮನೆಗಳ ಕೆಳಗೆ ಹಗೇವುಗಳಿವೆ. ಜೋಳ, ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಳಕೆ ತಪ್ಪಿದ ಮೇಲೂ ಹಿರಿಯರು ಅವನ್ನು ತುಂಬಿಸಲಿಲ್ಲ. ಅನ್ನದ ಬಾಯಿಗೆ ಮಣ್ಣು ಹಾಕಬಾರದೆಂದು ಮೇಲೊಂದು ಚಪ್ಪಡಿ ಎಳೆದು ಸುಮ್ಮನಾದರು. ಮಕ್ಕಳು ಅದರ ಮೇಲೆ ಟೈಲ್ಸ್ ಹಾಕಿಸಿ ಮರೆತರು. ಮೊಳಕಾಲ್ಮೂರಿನ ನೇಕಾರರ ಮನೆಗಳಿಂದಲೂ ಬೋರಕ್ಕನಿಗೆ ಕರೆ ಬರುತ್ತದೆ. ಅಲ್ಲಿ ನೆಲದಡಿ ಇರುವುದು ಮಗ್ಗದ ಹಳೆಯ ಗುಂಡಿಗಳು. "ಅವು ಮೊಣಕಾಲುದ್ದ, ಹೆದ್ರಿಕಿಲ್ಲ. ಹಗೇವು ಹಂಗಲ್ಲ," ಎನ್ನುತ್ತಾರೆ.

ಯಾಕೆಂದು ಅವರ ಬಾಯಿಂದಲೇ ಕೇಳಬೇಕು. ಅವರ ಅಣ್ಣ ಪೆದ್ದಣ್ಣನದು ಹಗೇವಿಗಿಳಿದು ಗುಡಿಸುವ ಕೆಲಸವಾಗಿತ್ತು. "ಖಾಲಿ ಹಗೇವು ಗುಡಿಸಾಕೆ ಇಳಿದಿದ್ದ. ಮನೆಯೋರು ಹೋಗಿರ್ಬೇಕು ಅಂದ್ಕೊಂಡು ಚಪ್ಪಡಿ ಎಳೆದ್ರು. ನಾವು ಊರೆಲ್ಲ ಹುಡುಕಿದ್ವಿ, ಹೊಲ ಹುಡುಕಿದ್ವಿ, ಬಾವಿ ಬಗ್ಗಿ ನೋಡಿದ್ವಿ. ಅದ್ರೊಳಗೆ ಮಾತ್ರ ಯಾರೂ ಕೂಗ್ಲಿಲ್ಲ." ಇಷ್ಟು ಹೇಳಿ ಅವರು ಒನಕೆ ಎತ್ತಿಕೊಳ್ಳುತ್ತಾರೆ.

ಅಕ್ವೇರಿಯಂ ಬರುವ ಗೋಡೆಯ ಬದಿ 'ದಪ್' ಎನ್ನುತ್ತದೆ, ಗಟ್ಟಿ ನೆಲ. ವೀರೇಶ್ ಮುಖ ಅರಳುತ್ತದೆ. ಬೋರಕ್ಕ ನಿಲ್ಲುವುದಿಲ್ಲ. ಕುಟ್ಟುತ್ತ ಎದುರಿನ ಮಂಚದ ಬಳಿ ಬರುತ್ತಾರೆ. ಅಲ್ಲಿ ಸದ್ದು ಒನಕೆಯ ಬುಡದಲ್ಲಿ ಮುಗಿಯದೆ ಕೆಳಗೆಲ್ಲೋ ಇಳಿದು ಹೋಗುತ್ತದೆ. "ಟ್ಯಾಂಕು ಇಡ್ರಿ, ಅಡ್ಡಿಲ್ಲ. ಮೊದ್ಲು ಅವ್ವನ್ನ ಎತ್ತಿ," ಎನ್ನುತ್ತಾರೆ.

ನಿದ್ದೆಯಲ್ಲಿದ್ದಾರೆಂದುಕೊಂಡಿದ್ದ ನಾಗರತ್ನಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾರೆ. "ಗೊತ್ತು. ರಾತ್ರಿ ಮಗ್ಗಲು ಬದಲಿಸಿದ್ರೆ ಕೆಳಗೂ ಯಾರೋ ಹೊಳ್ಳಿದಂಗಾಗ್ತೈತೆ. ಆದ್ರೂ ಮಣ್ಣು ಹಾಕ್ಬ್ಯಾಡ್ರಿ. ನಮ್ಮತ್ತೆಗೆ ಮಾತು ಕೊಟ್ಟೀನಿ," ಎನ್ನುತ್ತಾರೆ. ಮಗ ಗದರಿದರೂ ಮುದುಕಿ ಜಗ್ಗುವುದಿಲ್ಲ.

ಬೋರಕ್ಕ ಮಂಚದ ಪಕ್ಕ ಕೂರುತ್ತಾರೆ. "ಮಂಚ ಸರಿಸ್ಬೌದು ಅವ್ವ. ಆದ್ರೆ ಮಕ್ಳು ಇದ್ರ ಮ್ಯಾಲೇ ಓಡಾಡ್ಬೇಕಲ್ಲ. ಮಣ್ಣಿಗೆ ಮುಂಚೆ ಜ್ವಾಳ ಹಾಕು. ಉಣ್ಣಿಸಿ ಮಲಗಿಸಿದಂಗೆ." ನಾಗರತ್ನಮ್ಮ ಸೊಸೆಗೆ ಮೊರದಲ್ಲಿ ಜೋಳ ತರಲು ಹೇಳುತ್ತಾರೆ.

ಕರೆಸಿದ ಆಳುಗಳು ಮಂಚ ಸರಿಸಿ, ಟೈಲ್ಸ್ ಒಡೆದು ಚಪ್ಪಡಿ ಎಳೆಯುತ್ತಾರೆ. ಹಳೆಯ ಕಾಳಿನ ಮುಗ್ಗಲು ವಾಸನೆ ಮೇಲೇರುತ್ತದೆ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ ತಲೆ ಬಾಗಿಸಿ ಆರುತ್ತದೆ. ಕೆಳಗೆ ಉಸಿರಾಡುವ ಗಾಳಿಯಿಲ್ಲ. ಆಳುಗಳು ಮಣ್ಣಿನ ಬುಟ್ಟಿ ಎತ್ತುತ್ತಾರೆ. ಬೋರಕ್ಕ ಕೈ ಅಡ್ಡ ಹಿಡಿದು, ಹಗೇವಿನ ಬಾಯಿಯಿಂದ ಒಂದು ಮಾರು ದೂರದಲ್ಲೇ ಮೊಣಕಾಲೂರಿ ಕೂಗುತ್ತಾರೆ: "ಒಳಗೆ ಯಾರಾರ ಇದ್ದೀರಾ?"

ದನಿ ತಿರುಗಿ ಬರುತ್ತದೆ. ಅವರದೇ ದನಿ, ಆದರೆ ತುಸು ತಡವಾಗಿ, ತುಸು ದಪ್ಪವಾಗಿ. ಅದು ಪೂರ್ತಿ ಅಡಗುವವರೆಗೂ ಅವರು ಯಾರಿಗೂ ಅಲುಗಾಡಲು ಬಿಡುವುದಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದ ನಾಗರತ್ನಮ್ಮ ಬೊಗಸೆ ಜೋಳ ಸುರಿಯುತ್ತಾರೆ. ಕಾಳು ಬಿದ್ದ ಸದ್ದು ಕೇಳಿಸುವುದೇ ಇಲ್ಲ. ಮಣ್ಣು ಬೀಳತೊಡಗುತ್ತದೆ.

ಬೀದಿಗೆ ಬಂದ ಮೇಲೆ ಕೇಳಿಯೇಬಿಡುತ್ತೇನೆ: ಎಂದಾದರೂ ನಿಜವಾಗಿ ಉತ್ತರ ಬಂದುಬಿಟ್ಟರೆ ಭಯವಾಗುವುದಿಲ್ಲವೇ?

ಬೋರಕ್ಕ ಒನಕೆಯನ್ನು ಹೆಗಲಿಗೇರಿಸಿ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

"ಭಯ ಯಾಕ್ರಿ? ಬರ್ಲಿ ಅಂತಾನೇ ಕರೆಯೋದು."