ನಮ್ಮ ಮಾತಿಗೆ ಹೆಸರು

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಸ್ವೀಡನ್ನಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳಿಗೆ ನಾನು ಕನ್ನಡ ಕಲಿಸುತ್ತಿದ್ದೆ. ಧಾರವಾಡದಲ್ಲಿ ಕೋಣೆ ಹಿಡಿದಿದ್ದ ಆಕೆ ಭಾನುವಾರ ಬಸ್ಸು ಹತ್ತಿ ಬೆಂಗೇರಿಯ ನಮ್ಮ ಮನೆಗೆ ಬರುತ್ತಿದ್ದಳು.

ಒಂದು ದಿನ ಪಾಠದ ನಡುವೆ ಹಾಲು ಉಕ್ಕಿತು. ಅವ್ವ ಅಡುಗೆಮನೆಯಿಂದಲೇ ನನ್ನನ್ನು ಬೈಯತೊಡಗಿದಳು. ನನ್ನ ವಿದ್ಯಾರ್ಥಿನಿ ಕಿವಿಗೊಟ್ಟು ಕೇಳಿ, "ಅಕ್ಕಾ, ಇದು ಕನ್ನಡ ಅಲ್ಲ," ಎಂದಳು.

"ಅಲ್ಲ. ನಾವು ನೇಕಾರ ಮಂದಿ, ಮನ್ಯಾಗ ಹಿಂಗ ಮಾತಾಡ್ತೇವಿ. ಅದೇನ್ ಭಾಷಾ ಅಲ್ಲ ಬಿಡು. ಬರಿಯಾಕ ಲಿಪಿ ಸೈತ ಇಲ್ಲ."

"ನಮ್ಮ ಅವ್ವನೂ ಹಿಂಗ ಹೇಳ್ತಾಳ," ಎಂದಳು ಆಕೆ.

ಆಕೆಯ ತಾಯಿಯ ಊರು ಸ್ವೀಡನ್ನಿನ ಉತ್ತರದ ತುದಿಯಲ್ಲಿ. ಹೊಳೆ ದಾಟಿದರೆ ಫಿನ್ಲೆಂಡ್. ತಾಯಿಯ ಊರಿನ ಜನರ ಮಾತು ಫಿನ್ನಿಶ್ ಭಾಷೆಯ ನಂಟಿನದು. ಅದರ ಹೆಸರಿನ ಅರ್ಥವೇ 'ನಮ್ಮ ಮಾತು'. ತಾಯಿ ಚಿಕ್ಕವಳಿದ್ದಾಗ ಶಾಲೆಯ ಅಂಗಳದಲ್ಲಿ ಕೂಡ ಅದನ್ನು ಆಡುವಂತಿರಲಿಲ್ಲವಂತೆ. ಹಾಗಾಗಿ ಮಗಳಿಗೆ ಬರೀ ಸ್ವೀಡಿಶ್ ಕಲಿಸಿದ್ದಳು.

ಆ ಚಳಿಗಾಲ ಆಕೆಗೆ ಊರಿನಿಂದ ಸುದ್ದಿ ಬಂತು. ತಾಯಿಯ ಮಾತನ್ನೂ ಇನ್ನೂ ನಾಲ್ಕು ಭಾಷೆಗಳನ್ನೂ ಸರಕಾರ ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳೆಂದು ಒಪ್ಪಿಕೊಂಡಿತ್ತು. ಉತ್ತರದ ಕೆಲವು ಊರುಗಳಲ್ಲಿ ಇನ್ನು ಕಚೇರಿಯಲ್ಲೂ ಆ ಮಾತು ನಡೆಯುತ್ತದೆ. ಆಕೆ ಹಿಗ್ಗಿನಿಂದ ನನ್ನ ಕೈಹಿಡಿದು ಫೋನ್ ಬೂತಿಗೆ ಎಳೆದೊಯ್ದಳು. ತಾಯಿಯ ಜೊತೆ ಮಾತಾಡಿ ಹೊರಬಂದಾಗ ಮುಖ ಬಾಡಿತ್ತು.

"ಅವ್ವ, 'ಅದೂ ಭಾಷಾ ಅಂತ ಈಗ ಹೇಳ್ತಾರೇನು?' ಅಂದ್ಲು. ಆಮ್ಯಾಲೆ ಅದ ಮಾತಿನ್ಯಾಗ ಏನೋ ಹೇಳಿದ್ಲು. ನನಗ ತಿಳೀಲಿಲ್ಲ ಅಕ್ಕಾ."

ಅಂದಿನಿಂದ ನನಗೆ ನೆಮ್ಮದಿ ಇಲ್ಲವಾಯಿತು. ನನ್ನ ಮಗಳಿಗಾಗ ನಾಲ್ಕು ವರ್ಷ. ಶಾಲೆಯಲ್ಲಿ ನನ್ನನ್ನು ನೋಡಿ ನಕ್ಕಂತೆ ಅವಳನ್ನು ನೋಡಿ ನಗಬಾರದೆಂದು ಅವಳ ಜೊತೆ ಬರೀ ಕನ್ನಡ ಆಡುತ್ತಿದ್ದೆವು. ಕಾಯಿಪಲ್ಲೆ ಹೆಚ್ಚುವಾಗ, ಬಸ್ಸಿನಲ್ಲಿ ನಿಂತಾಗ, ಅದೇ ವಿಚಾರ ತಲೆಯಲ್ಲಿ ಸುತ್ತುತ್ತಿತ್ತು. ಕಡೆಗೆ ಅವ್ವನನ್ನು ಕೇಳಿದೆ, ನಮ್ಮ ಮಾತಿಗೆ ಹೆಸರೇನು?

"ಖತ್ರಿ ಅಂತಾರ, ಪಟ್ಟೇಗಾರಿ ಅಂತಾರ, ನಿಮ್ಮಪ್ಪ ಸಾವಜಿ ಅಂತಿದ್ದ. ಹೆಸರು ತಗೊಂಡು ಏನ್ ಮಾಡ್ತಿ?"

"ಮೊಮ್ಮಗಳಿಗೆ ಕಲಿಸು."

"ಸಾಲ್ಯಾಗ ನಕ್ರ ನೀ ಹೋಗಿ ಕುಂಡರ್ತಿ ಏನ್?"

ಸ್ವೀಡನ್ನಿನ ಹೆಣ್ಣುಮಗಳು ತನ್ನ ದೇಶಕ್ಕೆ ಮರಳಿದ ಮೇಲೆ ಜನಗಣತಿ ಬಂತು. ನಮ್ಮ ಓಣಿಗೆ ಬಂದ ಮಾಸ್ತರರು ಕಟ್ಟೆಯ ಮೇಲೆ ಕೂತು ಕೇಳಿದರು, "ಮಾತೃಭಾಷಾ ಯಾವುದ್ರೀ?" ಕನ್ನಡ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತಡೆದು, "ಖತ್ರಿ," ಎಂದೆ.

"ಪಟ್ಟೇಗಾರಿ ಅಂತ ಬರೀರಿ!" ಎಂದು ಅವ್ವ ಒಳಗಿನಿಂದ ಕೂಗಿದಳು.

ಯಾವುದು ಸರಿ ಎಂದು ಅವರ ಮುಂದೆಯೇ ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಮಾಸ್ತರರು ಪೆನ್ನು ಹಿಡಿದು ಕಾದರು. ಆಮೇಲೆ ಮೆಲ್ಲಗೆ, "ನೀವು ಈಗ ಜಗಳಾಡಿದ್ದು ಅದರಾಗ ಏನ್ರೀ?" ಎಂದರು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅವರು ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದರು. ಯಾವ ಹೆಸರು ಬರೆದರೋ, ನನಗೆ ತಿಳಿಯದು.

ಅವ್ವ ತಾನಾಗಿಯೇ ಮೊಮ್ಮಗಳಿಗೆ ಮಾತು ಕಲಿಸತೊಡಗಿದಳು, ಮೊದಲು ಬೈಗುಳಗಳನ್ನು. ಈಗ ಮಗಳಿಗೆ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಕನ್ನಡದಲ್ಲೇ ಕೊಡುತ್ತಾಳೆ. ಅವಳು ಬಾಯಿ ತೆರೆದಾಗಲೆಲ್ಲ ನಮ್ಮ ಮಾತು ಬಂದೀತೇನೋ ಎಂದು ನಾನು ಇವತ್ತಿಗೂ ಕಾಯುತ್ತೇನೆ.