ಡಾಕ್ಟರಮ್ಮನ ಬೆರಳು, ಅತ್ತೆಯ ರೊಟ್ಟಿ

ನಮ್ಮತ್ತೆ ವಿಜಯಪುರದವರು. ಕಡಕ್ ಜೋಳದ ರೊಟ್ಟಿ ಇಲ್ಲದಿದ್ದರೆ ಅವರ ಮಟ್ಟಿಗೆ ಅದು ಊಟವಲ್ಲ, ಉಪವಾಸ. ಮೈಸೂರಿನವಳಾದ ನಾನು ಮಾಡುವ ಮೆತ್ತನೆಯ ಅನ್ನ, ತಿಳಿಸಾರನ್ನು ‘ಬಾಣಂತಿ ಊಟ’ ಎಂದು ಕಾಡಿಸುತ್ತಾರೆ. ಅಮೆರಿಕದ ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಾವೇ ರೊಟ್ಟಿ ತಟ್ಟಿ, ಗರಿಗರಿ ಮಾಡಿ, ಡಬ್ಬಿ ತುಂಬಿಸಿಡುತ್ತಾರೆ. ಹೋದ ವರ್ಷ ಅವರ ಬಲ ದವಡೆಯ ಹಲ್ಲೊಂದು ಸೀಳಿ, ಕ್ಯಾಪ್ ಹಾಕಿಸಬೇಕಾಯಿತು.

ಊರಲ್ಲಾಗಿದ್ದರೆ ಮೇಣದ ತುಂಡು ಕಚ್ಚಿಸಿ ಅಚ್ಚು ತೆಗೆಯುತ್ತಿದ್ದರು. ಇಲ್ಲಿನ ಡಾಕ್ಟರಮ್ಮ, ಫಿಲಿಪಿನೋ ಹೆಂಗಸು, ಬಾಯೊಳಗೆ ಪುಟ್ಟ ಸ್ಕ್ಯಾನರ್ ಆಡಿಸಿದರು. ಪರದೆಯ ಮೇಲೆ ಅತ್ತೆಯ ಹಲ್ಲುಗಳೆಲ್ಲ ಮೂಡಿದವು. ಮೇಲಿನ ಸಾಲು, ಕೆಳಗಿನ ಸಾಲು ಹೇಗೆ ಕೂಡುತ್ತವೆಂದು ನೋಡಲು ಕೆನ್ನೆಯೊಳಗೆ ಸ್ಕ್ಯಾನರ್ ಇಟ್ಟು, ಹಲ್ಲು ಕಚ್ಚಿ ಹಿಡಿಯಲು ಹೇಳಿದರು. ನಾನು ಕನ್ನಡದಲ್ಲಿ ತಿಳಿಸಿದೆ. ಆ ಅಳತೆಯ ಮೇಲೆ ಕ್ಯಾಪ್ ಸಿದ್ಧವಾಗಿ ಬಂತು. ಕೂರಿಸಿದ ದಿನ ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಕಾಗದ ಕಚ್ಚಿಸಿ, ಸರಿಯಿದೆಯೇ ಎಂದು ಕೇಳಿದಾಗ ಅತ್ತೆ “ಹೂಂ, ಭಾಳ ಛಲೋ ಆಗೇತಿ” ಎಂದು ಕೈಮುಗಿದರು.

ಮನೆಗೆ ಬಂದ ಮೇಲೆ ಮಾತ್ರ ಆ ಹಲ್ಲಿನಲ್ಲಿ ರೊಟ್ಟಿ ಅಗಿಯಲಾಗಲಿಲ್ಲ. ಹಾಲಿನಲ್ಲಿ ನೆನೆಸಿ ನೋಡಿದರು, ಆಮೇಲೆ ಅದನ್ನೂ ಬಿಟ್ಟು ಗಂಜಿಗಿಳಿದರು. ಬಾಣಂತಿ ಊಟವನ್ನು ಅತ್ತೆಯೇ ಕೇಳಿ ಹಾಕಿಸಿಕೊಂಡ ದಿನ ನನಗೆ ನಗು ಬರಲಿಲ್ಲ. ಒಂದು ಬೆಳಿಗ್ಗೆ ನನ್ನ ಗಂಡನನ್ನು ಕರೆದು, “ಹಲ್ಲಿದ್ದಾಗ ಕಡ್ಲಿ ಇರಲಿಲ್ಲ, ಕಡ್ಲಿ ಬಂದಾಗ ಹಲ್ಲಿಲ್ಲ. ನನಗ ಟಿಕೆಟ್ ತಗಸಪಾ, ಊರಿಗೆ ಹೋಗ್ತೀನಿ” ಎಂದರು.

ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು ನಾನು. ದಿನವೂ ಮರೆಯದೆ “ಊಟ ಆತೇನವ್ವಾ?” ಎಂದು ನನ್ನನ್ನು ಕೇಳುವ ಜೀವ ಅದೊಂದೇ. ಅವರು ಹೋಗುವುದು ನನಗೆ ಬೇಡವಾಗಿತ್ತು.

ಕೋಪ ನನಗೆ ಮೂಗಿನ ತುದಿಯಲ್ಲೇ. ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಒಂದು ಹಲ್ಲು ಕೂರಿಸಲು ಬರುವುದಿಲ್ಲವೇ ಎಂದು ಜಗಳಕ್ಕೆ ಸಿದ್ಧಳಾಗಿಯೇ ಅತ್ತೆಯನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮ ವಾದಕ್ಕೆ ನಿಲ್ಲಲಿಲ್ಲ. ಹಳೆಯ ಸ್ಕ್ಯಾನ್ ತೆರೆದು, ತಿರುಗಿಸಿ ತಿರುಗಿಸಿ ನೋಡಿದರು. ಸರಿಯಿದ್ದ ಎಡಗಡೆಯಲ್ಲೂ ಮೇಲಿನ, ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿಯೇ ಇರಲಿಲ್ಲ, ನಡುವೆ ಕೂದಲೆಳೆಯಷ್ಟು ಸಂದು. ಅತ್ತೆ ಪೂರ್ತಿ ಕಚ್ಚಿಲ್ಲ, ಯಂತ್ರ ಕಂಡದ್ದನ್ನೇ ನಂಬಿದೆ, ಕ್ಯಾಪ್ ಆ ಸಂದಿನಷ್ಟು ಎತ್ತರವಾಗಿದೆ. ಇದನ್ನು ತಾನು ಅಂದೇ ಗಮನಿಸಬೇಕಿತ್ತು ಎಂದರು. ಯಾಕೆ ಕಚ್ಚಲಿಲ್ಲವೆಂದು ನಾನು ಅತ್ತೆಯನ್ನು ಕೇಳಿದೆ.

“ಅಯ್ಯ, ಆಕಿ ಕೈ ನನ್ನ ಬಾಯಾಗ ಇತ್ತಲ್ಲವ್ವಾ! ಡಾಕ್ಟರ್ ಬೆರಳ ಕಡದ್ರ ಹ್ಯಾಂಗ?”

“ಮತ್ತೆ ಕಾಗದ ಕಚ್ಚಿಸಿದಾಗ ಸರಿ ಇದೆ ಅಂದ್ರಲ್ಲ ಅತ್ತೆ?”

“ಅಷ್ಟ್ ಕಷ್ಟಪಟ್ಟು ಮಾಡ್ಯಾಳ. ಆಕಿ ಮುಂದ ಛಲೋ ಇಲ್ಲ ಅಂತ ಹ್ಯಾಂಗ ಹೇಳೂದು?”

ನಾನು ಕಟ್ಟಿಕೊಂಡು ಹೋದ ಜಗಳವೆಲ್ಲ ಅಲ್ಲಿಗೇ ಬಿಚ್ಚಿಹೋಯಿತು. ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನಗು ತಡೆಯಲಾಗಲಿಲ್ಲ. ಡಾಕ್ಟರಮ್ಮನೂ ನಕ್ಕರು. ಕ್ಯಾಪ್ ತೆಗೆದರು, ಕುರ್ಚಿ ನೆಟ್ಟಗೆ ಮಾಡಿದರು, ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೊದಲು ಅವರು ಕಚ್ಚಲಿ, ಆಮೇಲೆ ತಾನು ಹತ್ತಿರ ಬರುತ್ತೇನೆ ಎಂದರು.

“ಅತ್ತೆ, ಬಾಯಲ್ಲಿ ರೊಟ್ಟಿ ಇದೆ ಅಂದ್ಕೊಳ್ಳಿ” ಎಂದೆ.

ಅತ್ತೆ ಕಣ್ಣು ಮುಚ್ಚಿ ಕಚ್ಚಿದರು. ಕೆನ್ನೆಯ ನರ ಎದ್ದು ಕಂಡಿತು. ಆಗಷ್ಟೇ ಡಾಕ್ಟರಮ್ಮ ಮೆಲ್ಲಗೆ ಸ್ಕ್ಯಾನರನ್ನು ಕೆನ್ನೆಯೊಳಗೆ ಜಾರಿಸಿದರು. ಈ ಸಲ ಪರದೆಯಲ್ಲಿ ಎರಡೂ ಕಡೆಯ ಹಲ್ಲುಗಳು ಕೂಡಿದ್ದವು. ಮುದುಕಿಯೊಬ್ಬಳ ಸಂಕೋಚವನ್ನು ಹೀಗೆ ಮರ್ಯಾದೆಯಿಂದ ಕಂಡ ಆ ಹೆಂಗಸಿನ ಋಣವನ್ನು ನಾನು ಮರೆಯಲಾರೆ. ಹೊಸ ಕ್ಯಾಪ್ ಹಾಕಿಸಿಕೊಳ್ಳಲು ಹೋದಾಗ ಅತ್ತೆ ಅವರಿಗೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದರು.

ಮರುದಿನ ಮನೆಯಲ್ಲೇ ಕುಳಿತು ಆಫೀಸಿನ ಮೀಟಿಂಗಿನಲ್ಲಿದ್ದೆ. ಅಡುಗೆಮನೆಯಿಂದ ಕಟಕಟ ಸದ್ದು. ಅದೇನು ಸದ್ದೆಂದು ಯಾರೋ ಕೇಳಿದರು. ನಮ್ಮತ್ತೆ ಊಟ ಮಾಡುತ್ತಿದ್ದಾರೆ ಎಂದೆ. ಮ್ಯೂಟ್ ಒತ್ತಲು ಕೈ ಹೋಗುವಷ್ಟರಲ್ಲಿ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಅತ್ತೆ ಕೂಗಿದರು:

“ಊಟ ಆತೇನವ್ವಾ?”