ಮಲಗಿಸಿಟ್ಟ ಗೇಜು

ಅವನಿಗೆ ಉರಿಗಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರಿಗೆ ಅವನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಉರಿಯನ್ನು ಒಮ್ಮೆ ನೋಡಿದರೆ ಸಾಕು, ಒಲೆಯ ಕಾಯಿಲೆ ಇಂಥದ್ದು ಎಂದು ಹೇಳಿಬಿಡುತ್ತಿದ್ದ. ಅವನ ಮಾತಿಗೆ ಯಾರಾದರೂ ಎದುರಾಡಿದರೋ, ಆ ಉರಿ ಅವನ ಕಣ್ಣಿಗೇ ಬರುತ್ತಿತ್ತು.

ಊರಿನಲ್ಲಿ ಚಳಿ ಜೋರು, ಮನೆಮನೆಯಲ್ಲೂ ಪೆಲೆಟ್ ಒಲೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಪೆನ್ಸಿಲ್ ದಪ್ಪದ ತುಂಡುಗಳನ್ನು ಮೇಲಿನ ಡಬ್ಬಕ್ಕೆ ಸುರಿದರೆ ಅವು ತಾವಾಗಿ ಕೆಳಗಿಳಿದು ಗಾಜಿನ ಬಾಗಿಲ ಹಿಂದೆ ಉರಿಯುತ್ತವೆ. ಹೊಗೆಯನ್ನು ಒಂದು ಫ್ಯಾನು ಹೊರಗೆ ಎಳೆಯುತ್ತದೆ. ಆ ಎಳೆತಕ್ಕೆ ಕೋಣೆಯ ಗಾಳಿ ಒಲೆಯೊಳಗೆ ನುಗ್ಗುತ್ತದೆ. ಎಷ್ಟು ನುಗ್ಗಬೇಕು ಎಂದು ತೀರ್ಮಾನಿಸುವುದು ಡ್ಯಾಂಪರ್ ಎಂಬ ಅಂಗೈಯಗಲದ ತಗಡು. ಅದನ್ನು ಚೂರುಚೂರೇ ಸರಿಸಿ ಉರಿಯನ್ನು ಹದಕ್ಕೆ ತರುವುದರಲ್ಲಿ ಉರಿಗಣ್ಣನನ್ನು ಬಿಟ್ಟರಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಒಲೆಯ ಕಂಪನಿಯವರು ಅವನಿಗೊಂದು ಗೇಜು ಕೊಟ್ಟಿದ್ದರು. ದುಂಡನೆಯ ಮುಖ, ಒಂದು ಮುಳ್ಳು, ಒಂದು ರಬ್ಬರ್ ನಳಿಗೆ. ಒಲೆಯ ಪಕ್ಕದ ಪುಟ್ಟ ಬೋಲ್ಟು ಬಿಚ್ಚಿ ಆ ತೂತಿಗೆ ನಳಿಗೆ ಸಿಕ್ಕಿಸಿದರೆ, ಒಲೆ ಎಷ್ಟು ಬಲವಾಗಿ ಗಾಳಿ ಎಳೆಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಹೊಸದರಲ್ಲಿ ಒಮ್ಮೆ ಅದನ್ನು ನೆಲದ ಮೇಲೆ ಮಲಗಿಸಿಟ್ಟು, ಮುಳ್ಳು ಹೇಳಿದಂತೆ ಡ್ಯಾಂಪರ್ ಸರಿಸಿ ನೋಡಿದ್ದ. ಉರಿ ಜ್ವರ ಬಂದವರ ಹಾಗೆ ತೂಕಡಿಸಿತು. “ಶುದ್ಧ ಸುಳ್ಳುಬುರುಕ ಮುಳ್ಳು” ಎಂದು ಬೈದು ಗೇಜನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ವ್ಯಾನಿನ ಮೂಲೆಗೆ ತಳ್ಳಿದ. ಅಲ್ಲಿಂದ ಮುಂದೆ ಅವನದೆಲ್ಲ ಕಣ್ಣಳತೆ.

ಅವನ ಕೆಲಸಕ್ಕೊಂದು ಪದ್ಧತಿಯಿತ್ತು. ಮನೆಯೊಳಗೆ ಬಂದವನೇ ಕಿಟಕಿ ತೆರೆಯುತ್ತಿದ್ದ, ಬೂದಿಯ ದೂಳು ಮನೆಯವರ ಸೋಫಾಕ್ಕೆ ಕೂರಬಾರದಲ್ಲ. ಒಲೆ ಗುಡಿಸಿ, ಕೊಳವೆ ಉಜ್ಜಿ, ಬೆಂಕಿ ಹೊತ್ತಿಸಿ, ಉರಿ ಹಳದಿಯಾಗಿ ಚುರುಕಾಗಿ ಕುಣಿಯುವ ತನಕ ಡ್ಯಾಂಪರ್ ಆಡಿಸಿ, ತಿರುಪು ಬಿಗಿದು, “ಇನ್ನು ಮುಂದಿನ ಚಳಿಗಾಲಕ್ಕೇ ನನ್ನ ಮುಖ ನೋಡೋದು ನೀವು” ಎಂದು ಹೊರಡುತ್ತಿದ್ದ. ಕಿಟಕಿ ಮುಚ್ಚುವುದು ಮನೆಯವರ ಪಾಲಿಗೆ. ಸಂದುಗೊಂದುಗಳಿಂದ ಗಾಳಿ ನುಗ್ಗುವ ಹಳೆಯ ಮನೆಗಳಲ್ಲಿ ಕಿಟಕಿ ಮುಚ್ಚಿದರೂ ಏನೂ ಕೆಡುತ್ತಿರಲಿಲ್ಲ.

ಅವನ ಅಕ್ಕನ ಬೀದಿಯಲ್ಲಿ ಮಾತ್ರ ಆ ವರ್ಷ ಎಲ್ಲರೂ ಹೊಸ ಕಿಟಕಿ ಹಾಕಿಸಿದ್ದರು. ಮುಚ್ಚಿದರೆ ಸೂಜಿ ತೂರುವಷ್ಟೂ ಸಂದಿಲ್ಲದ ಕಿಟಕಿಗಳು. ಅಕ್ಕನ ಎದುರುಮನೆಯಲ್ಲಿ ಕೆಲಸದಿಂದ ನಿವೃತ್ತಿಯಾದ ಟೀಚರ್ ಒಬ್ಬರೇ ಇದ್ದರು. ಚಳಿ ಶುರುವಾದ ಮೇಲೆ ಒಂದು ಸಂಜೆ ಮೂಲೆಯಂಗಡಿಯ ಮುಂದೆ ಅವರು ಅವನನ್ನು ತಡೆದು ನಿಲ್ಲಿಸಿದರು.

“ನೀವು ಸರಿ ಮಾಡಿ ಹೋದ್ಮೇಲೆ ಗಾಜೆಲ್ಲ ಕಪ್ಪಗಾಗ್ತಿದೆ. ಮನೆ ತುಂಬ ಹೊಗೆ ವಾಸನೆ. ಒಂದ್ಸಲ ಬಂದು ನೋಡ್ತೀರಾ?”

ಸುತ್ತ ನಾಲ್ಕು ಜನ ನಿಂತಿದ್ದರು. ಅಷ್ಟು ಸಾಕಾಯಿತು ಉರಿಗಣ್ಣನಿಗೆ. “ಟೀಚರ್, ಮಕ್ಕಳಿಗೆ ಪಾಠ ಹೇಳಿದಷ್ಟು ಸಲೀಸಲ್ಲ ಒಲೆ ಉರಿಸೋದು. ತಪ್ಪು ಒಲೇಲಿಲ್ಲ, ಉರಿಸೋ ಕೈಲಿದೆ. ಬೇಕಾದ್ರೆ ನಮ್ಮಕ್ಕನ್ನ ಕೇಳಿ. ಅದೇ ಒಲೆ, ಅಂಥದ್ದೇ ಕಿಟಕಿ. ಗಾಜು ನೋಡ್ಕೊಂಡು ತಲೆ ಬಾಚ್ಕೋಬಹುದು!”

ಜನ ನಕ್ಕರು. ಅಂಗಡಿಯವನು ಎಲ್ಲರಿಗಿಂತ ಜೋರಾಗಿ ನಕ್ಕ. ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ಅಕ್ಕನ ಮುಖವನ್ನು ಟೀಚರ್ ನೋಡಿದರು. ಅಕ್ಕ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು “ಹೂಂ” ಎಂದಳು. ಟೀಚರ್ ಮತ್ತೇನೂ ಕೇಳದೆ ಮನೆ ಕಡೆ ಹೊರಟರು. ಉರಿಗಣ್ಣ ಅವತ್ತು ಗೆದ್ದೆನೆಂದುಕೊಂಡ. ಗೆದ್ದದ್ದು ಯಾರ ಮೇಲೆ ಎಂದು ಯೋಚಿಸುವ ಚಾಳಿ ಅವನಿಗಿರಲಿಲ್ಲ.

ಅಕ್ಕನ ಮನೆಗೆ ಅವನು ಹೋಗುತ್ತಿದ್ದುದು ರಜೆಯ ದಿನ, ಅದೂ ಫೋನ್ ಮಾಡಿ. ಚಳಿ ಕಡುವಾಗಿದ್ದ ಒಂದು ಬೆಳಿಗ್ಗೆ ಅದೇ ಬೀದಿಯಲ್ಲಿ ಕೆಲಸ ಬಿತ್ತು. ಒಂದು ಲೋಟ ಚಹಾ ಗಿಟ್ಟಿಸೋಣವೆಂದು ಹೇಳದೆ ಕೇಳದೆ ಬಾಗಿಲು ತಳ್ಳಿದ. ಕಿಟಕಿ ಅರ್ಧ ತೆರೆದಿತ್ತು. ಅಕ್ಕ ಕೋಟು ತೊಟ್ಟು, ಅದರ ಮೇಲೆ ಶಾಲು ಹೊದ್ದು, ಒಲೆಗೆ ಮುಖ ಹಾಕಿ ನೆಲದಲ್ಲಿ ಕೂತಿದ್ದಳು.

“ಏನಕ್ಕಾ, ಬೀದಿಗೆಲ್ಲ ಪುಕ್ಕಟೆ ಶಾಖ ಹಂಚ್ತಿದ್ದೀಯಾ? ಕಿಟಕಿ ಮುಚ್ಚಬಾರ್ದಾ?”

ಅಕ್ಕ ಬೆಚ್ಚಿಬಿದ್ದು ಏನನ್ನೋ ಬೆನ್ನ ಹಿಂದೆ ಸರಿಸಿದಳು. ಅವಳ ಕೈ ಮೊಣಕೈವರೆಗೂ ಮಸಿ. ಪಕ್ಕದ ಬಕೆಟ್ಟಿನಲ್ಲಿ ನೀರು ಕಾಡಿಗೆಯಂತೆ ಕಪ್ಪಗಿತ್ತು. ಒಲೆಯ ಗಾಜಿನ ಅರ್ಧಭಾಗ ಥಳಥಳಿಸುತ್ತಿತ್ತು, ಇನ್ನರ್ಧ ಕರ್ರಗಿತ್ತು.

“ಇದೇನಿದು?”

“ಏನಿಲ್ಲ ಕಣೋ. ಹೀಗೇ ಒಂಚೂರು...”

“ಯಾವಾಗಿಂದ?”

ಅಕ್ಕ ಹಿಂದೆ ಬಚ್ಚಿಟ್ಟಿದ್ದ ಬಟ್ಟೆಯನ್ನು ಈಚೆ ತೆಗೆದು ಬಕೆಟ್ಟಿನ ಅಂಚಿಗೆ ಹಾಕಿದಳು. “ನೀನು ಸರಿ ಮಾಡಿ ಹೋದಾಗಿಂದ. ಕಿಟಕಿ ಮುಚ್ಚಿದ್ರೆ ಗಾಜು ಕಪ್ಪಾಗತ್ತೆ, ತಲೆ ಸಿಡಿಯತ್ತೆ. ತೆರೆದ್ರೆ ಚಳಿ. ಹಗಲು ತೆರೀತೀನಿ. ರಾತ್ರಿ ಮುಚ್ಚಿ ಒಲೆ ಸಣ್ಣ ಮಾಡ್ತೀನಿ, ಬೆಳಿಗ್ಗೆ ಎದ್ದು ಒಲೆ ಆರಿಸಿ ಉಜ್ತೀನಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಟೀಚರಿಗೆ ಅಂದ ಹಾಗೆ ನಂಗೂ ಅಂತಿದ್ದೆ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂದರೆ ಬಟ್ಟೆ ನೆನೆಯುತ್ತದೆ ಎಂಬಷ್ಟು ಸಹಜವಾಗಿ ಹೇಳಿದಳು. ಉರಿಗಣ್ಣನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಚಿಕ್ಕವನಿದ್ದಾಗ ಅವನು ಒಡೆದ ಗಾಜಿಗೂ ಹರಿದ ಚೀಲಕ್ಕೂ ಏಟು ತಿಂದವಳು ಇವಳೇ. ಈಗ ಅವನ ತಲೆ ನರೆತಿದೆ, ಇವಳು ಇನ್ನೂ ಅದೇ ಕೆಲಸ ಮಾಡುತ್ತಿದ್ದಾಳೆ. ನಾಚಿಕೆ ಅವನ ಕಿವಿಯವರೆಗೂ ಏರಿತು. ಬಯ್ಯುವುದಕ್ಕೆ ಯಾರಾದರೂ ಸಿಗುತ್ತಾರೇನೋ ಎಂದು ಮನಸ್ಸು ಅಭ್ಯಾಸಬಲದಿಂದ ಸುತ್ತಲೂ ಹುಡುಕಿತು. ಪೆಲೆಟ್ಟು ಒದ್ದೆಯೇ? ಕೊಳವೆ ಕಟ್ಟಿದೆಯೇ? ಯಾವುದೂ ಅಲ್ಲ. ಕಿಟಕಿ ತೆರೆದಿಟ್ಟು ಹದ ಮಾಡಿದವನು ಅವನು, ಮುಚ್ಚಿ ಬದುಕಬೇಕಾದವರು ಇವರು.

ಹೊರಗೆ ಹೋಗಿ ವ್ಯಾನಿನ ಮೂಲೆಯಿಂದ ಗೇಜಿನ ಪೆಟ್ಟಿಗೆ ತಂದ. ಕಿಟಕಿ ಮುಚ್ಚಿ, ಒಲೆಯನ್ನು ಹೊತ್ತಿಸಿ ಜೋರಿಗೆ ಹಾಕಿ, ಬೋಲ್ಟು ಬಿಚ್ಚಿ ನಳಿಗೆ ಸಿಕ್ಕಿಸಲು ಕೂತ. ಗೇಜನ್ನು ಮೊದಲಿನಂತೆಯೇ ನೆಲಕ್ಕೆ ಮಲಗಿಸಿದ. ನಳಿಗೆ ಇನ್ನೂ ಒಲೆಗೆ ಸೇರಿಯೇ ಇಲ್ಲ, ಆಗಲೇ ಮುಳ್ಳು ಸೊನ್ನೆ ಬಿಟ್ಟು ಪಕ್ಕಕ್ಕೆ ವಾಲಿತ್ತು.

“ನೋಡಿದ್ಯಾ? ಇದು ಸುಳ್ಳು ಹೇಳತ್ತೆ ಅಂತ ನಾನು ಸುಮ್ನೆ ಅಂದಿದ್ದಲ್ಲ.”

ಅಕ್ಕ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಗೇಜನ್ನು ಎತ್ತಿ ತಿರುಗಿಸಿ, ಬೆನ್ನ ಮೇಲಿದ್ದ ಸಣ್ಣ ಅಕ್ಷರಗಳನ್ನು ಕೂಡಿಸಿ ಓದಿದಳು.

“ಇದನ್ನ ನೆಟ್ಟಗೆ ಹಿಡೀಬೇಕಂತೆ ಕಣೋ. ಮಲಗಿಸಬಾರ್ದಂತೆ. ಮೊದ್ಲು ಈ ತಿರುಪು ತಿರುಗಿಸಿ ಸೊನ್ನೆಗೆ ತರ್ಬೇಕಂತೆ.”

ಇಷ್ಟು ವರ್ಷ ಆ ಬೆನ್ನನ್ನು ತಿರುಗಿಸಿಯೇ ನೋಡಿರಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ನೆಲ ಅಷ್ಟು ಉಪಕಾರ ಎಲ್ಲಿ ಮಾಡುತ್ತದೆ! ಅಕ್ಕ ಗೇಜನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ನಿಂತಳು. ಅವನು ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದ, ನಳಿಗೆ ಸೇರಿಸಿದ. ಎಳೆತ ಇಷ್ಟಿರಬೇಕು ಎಂದು ಕಂಪನಿಯವರು ಗೇಜಿನ ಮುಖದ ಮೇಲೆ ಹಾಕಿದ್ದ ಗುರುತಿಗಿಂತ ಮುಳ್ಳು ಬಹಳ ಹಿಂದೆ ನಿಂತಿತು. ಡ್ಯಾಂಪರನ್ನು ಚೂರು ಸರಿಸುವುದು, ಕಾಯುವುದು, ಮತ್ತೆ ಸರಿಸುವುದು. “ಬಂತು, ಬಂತು, ಸಾಕು” ಎಂದಳು ಅಕ್ಕ. ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಉರಿ ಹಳದಿಯಾಗಿ ಎದ್ದು ಕುಣಿಯಿತು.

ಅವನಿಗೆ ಸಂತೋಷವಾಗಲಿಲ್ಲ. ಗಾಜಿನಾಚೆ ಅವನಿಗೆ ಕಾಣುತ್ತಿದ್ದುದು ಅವತ್ತು ಅಂಗಡಿಯ ಮುಂದೆ ಬೆನ್ನು ತಿರುಗಿಸಿ ಹೋದ ಟೀಚರ್.

“ಎದುರುಮನೆಗೆ ಹೋಗಿ ಬರ್ತೀನಿ” ಎಂದ.

“ಇರು, ನಾನೂ ಬರ್ತೀನಿ. ಹೂಂ ಅಂದಿದ್ದು ನಾನಲ್ವಾ.” ಅಕ್ಕ ಮಸಿಬಟ್ಟೆಯನ್ನು ಹಿಂಡಿ ಕೈಯಲ್ಲಿ ಹಿಡಿದುಕೊಂಡಳು.

ಟೀಚರ್ ಬಾಗಿಲು ತೆರೆದಾಗ ಟೋಪಿ, ಕೈಗವಸು ಎಲ್ಲ ಹಾಕಿಕೊಂಡಿದ್ದರು. ಎಲ್ಲಿಗೋ ಹೊರಟಿದ್ದಾರೆ ಎಂದುಕೊಂಡ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ಮನೆ ಹೊರಗಿನಷ್ಟೇ ತಣ್ಣಗಿತ್ತು. ಒಲೆಯ ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿ, ಅದರ ಮೇಲೆ ಒಂದು ಕುಂಡ ಇಟ್ಟಿದ್ದರು.

“ಒಲೆ ಉರಿಸ್ತಿಲ್ವಾ ಟೀಚರ್?”

“ಇಲ್ಲ. ನನ್ನ ಕೈಗೆ ಬರಲ್ಲ ಅಂತ ನೀವೇ ಹೇಳಿದ್ರಲ್ಲ. ವಯಸ್ಸಾಯ್ತು, ಏನಾದ್ರೂ ಅನಾಹುತ ಆದೀತು ಅಂತ ಬಿಟ್ಟೆ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅವನನ್ನು ನಂಬಿದ್ದರು. ತಮ್ಮ ಕೈಯ ಮೇಲಿನ ನಂಬಿಕೆ ಬಿಟ್ಟು ಅವನ ನಾಲಗೆಯನ್ನು ನಂಬಿ, ಇಷ್ಟು ದಿನ ಚಳಿಯಲ್ಲಿ ಕೈಗವಸು ಹಾಕಿಕೊಂಡು ಕೂತಿದ್ದರು.

“ನಿಮ್ಮ ಕೈ ಸರಿಯಾಗೇ ಇತ್ತು. ನಾನೇ ತಪ್ಪು ಹದ ಮಾಡಿದ್ದೆ” ಎಂದ.

ಟೀಚರ್ ಅಕ್ಕನ ಕಡೆ ನೋಡಿದರು. ಅಕ್ಕ ಬಟ್ಟೆ ಬಿಡಿಸಿ ಮಸಿ ತೋರಿಸಿದಳು. “ನಮ್ಮ ಗಾಜೂ ಕಪ್ಪಾಗ್ತಿತ್ತು. ದಿನಾ ಉಜ್ಜಿ ಬಿಡ್ತಿದ್ದೆ.”

ಟೀಚರ್ ಕುಂಡವನ್ನು ಎತ್ತಿ ಕಿಟಕಿಯ ಕಟ್ಟೆಗಿಟ್ಟರು, ಬಟ್ಟೆ ಮಡಿಸಿದರು. ಉರಿಗಣ್ಣ ಕಿಟಕಿ ಮುಚ್ಚಿಯೇ ಇರಲಿ ಎಂದ. ಒಲೆ ಹೊತ್ತಿ ಜೋರಾದ ಮೇಲೆ ಗೇಜನ್ನು ಅವರ ಕೈಗೇ ಕೊಟ್ಟ. ಅವರು ಅದನ್ನು ನೆಟ್ಟಗೆ ಹಿಡಿದು, ಮುಳ್ಳು ಎಲ್ಲಿಗೆ ಬಂತೆಂದು ತರಗತಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಹೇಳುತ್ತಾ ಹೋದರು. ಗುರುತಿಗೆ ಬಂದಾಗ ಅವನು ಡ್ಯಾಂಪರಿನ ತಿರುಪು ಬಿಗಿದು ಎದ್ದ.

“ಒಂದು ಕೇಳ್ಲಾ?” ಎಂದರು ಟೀಚರ್, ಕೈಗವಸು ಕಳಚುತ್ತಾ. “ಅವತ್ತು ಅಂಗಡಿ ಮುಂದೆ ನಕ್ಕರಲ್ಲ. ಅವರಿಗೂ ಇದನ್ನ ಹೇಳ್ತೀರಾ?”

“ಹೇಳ್ತೀನಿ” ಎಂದ. ಆ ಒಂದು ಪದಕ್ಕೆ ಅವನಿಗೆ ಎರಡು ಸಲ ಉಸಿರು ಬೇಕಾಯಿತು.

ಅಂಗಡಿಯ ಮುಂದೆ ಯಥಾಪ್ರಕಾರ ಜನ ನಿಂತಿದ್ದರು. “ಏನಪ್ಪಾ ಉರಿಗಣ್ಣ, ಕೈಲಿ ಗಡಿಯಾರ ಹಿಡ್ಕೊಂಡು ಓಡಾಡ್ತಿದ್ದೀಯ?” ಎಂದ ಅಂಗಡಿಯವನು.

“ಟೀಚರ್ ಮನೆ ಒಲೆ ಕೆಟ್ಟಿದ್ದು ಅವರಿಂದ ಅಲ್ಲ, ನನ್ನಿಂದ. ನಂಗೆ ಈ ಗೇಜು ಹಿಡಿಯೋಕೇ ಬರ್ತಿರ್ಲಿಲ್ಲ.”

ಅವನು ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ಹೋ ಎಂದು ನಕ್ಕರು. ಅವನು ನಗು ನಿಲ್ಲುವ ತನಕ ತಲೆ ತಗ್ಗಿಸಿ ಕಾದು, ಅದನ್ನೇ ಇನ್ನೊಮ್ಮೆ ಹೇಳಿದ.